‘ಎಲ್ ಡೊರಾಡೊ’ ಪುಸ್ತಕ ಎಲ್ಲಿ ಸಿಗುತ್ತದೆ?

ಓದುಗರ ಪತ್ರ: ‘ಕೆ.ಜಿ.ಎಫ್.’ ಚಿತ್ರದಲ್ಲಿ ಪತ್ರಕರ್ತ ಆನಂದ್ ಇಂಗಳಗಿ ಬರೆದ ‘ಎಲ್ ಡೊರಾಡೊ’ ಪುಸ್ತಕಕ್ಕಾಗಿ ಎಲ್ಲ ಕಡೆ ಹುಡುಕಿದೆ. ಅದರ ಮೇಲಿನ ನಿಷೇಧ ಇನ್ನೂ ಇದೆಯೇ? ಒಂದು ಚಿತ್ರ ಕಾದಂಬರಿಯಿಂದ ಬಂದದ್ದೋ, ನಿಜವಾಗಿ ನಡೆದದ್ದೋ ಎಂದು ತಿಳಿಯುವುದು ಹೇಗೆ?

ಸಂಪಾದಕರ ಉತ್ತರ: ಇನ್ನು ಹುಡುಕಬೇಡಿ. ಆ ಪುಸ್ತಕ, ಅದರ ಲೇಖಕ, ನಿಷೇಧ ಮೂರೂ ನಿರ್ದೇಶಕ ಪ್ರಶಾಂತ್ ನೀಲ್ ಅವರ ಕಥೆಯೊಳಗೇ ಹುಟ್ಟಿದವು. ಚಿತ್ರದಲ್ಲಿ ಚಿನ್ನ ಕಾಣಿಸುವುದು 1951ರಲ್ಲಿ. ಕೋಲಾರದ ನಿಜವಾದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲೇ ಕೆಲಸ ಶುರುಮಾಡಿತ್ತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹರಿಯಿತು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಚಿತ್ರವನ್ನೇ ಚರಿತ್ರೆ ಎಂದುಕೊಂಡರೆ, ತಲೆಮಾರುಗಳ ಕಾಲ ಆ ಸುರಂಗಗಳಲ್ಲಿ ದುಡಿದವರು ಲೆಕ್ಕಕ್ಕೇ ಸಿಗುವುದಿಲ್ಲ. ನಮಗೆ ನೋವಾಗುವುದು ಅಲ್ಲಿ.

ಪತ್ತೆಹಚ್ಚಲು ಮೊದಲು ನೋಡಬೇಕಾದದ್ದು ಟೈಟಲ್ ಕಾರ್ಡ್. ‘ಕಥೆ’ ಎಂಬುದರ ಮುಂದೆ ನಿರ್ದೇಶಕರಲ್ಲದ ಸಾಹಿತಿಯ ಹೆಸರಿದ್ದರೆ ಮೂಲಕೃತಿ ಇರುವ ಸಾಧ್ಯತೆ ಹೆಚ್ಚು. ಟಿ.ವಿ.ಯಲ್ಲಿ ಆ ಭಾಗವನ್ನು ಕತ್ತರಿಸುವುದುಂಟು, ಪೂರ್ತಿ ಪ್ರತಿಯನ್ನೇ ನೋಡಿ. ಪುಸ್ತಕ ಸಿಕ್ಕರೆ ‘ಮೊದಲ ಮುದ್ರಣ’ದ ವರ್ಷ ಗಮನಿಸಿ. ಅದು ಚಿತ್ರಕ್ಕಿಂತ ಈಚಿನದಾದರೆ, ಚಿತ್ರಕಥೆಯನ್ನೇ ಪುಸ್ತಕ ಮಾಡಿರಬಹುದು.

‘ಪಾತ್ರಗಳೆಲ್ಲ ಕಾಲ್ಪನಿಕ’ ಎಂಬ ಒಕ್ಕಣೆಯನ್ನು ನಂಬಿ ಕೂರಬೇಡಿ. ಅದು ಮೊಕದ್ದಮೆಯಿಂದ ಪಾರಾಗಲು ಹಾಕುವ ಬೇಲಿ. ‘ನೈಜ ಘಟನೆ ಆಧಾರಿತ’ ಎಂಬುದೂ ಅಷ್ಟೇ, ಎಷ್ಟು ನೈಜ ಎಂದು ಹೇಳುವುದಿಲ್ಲ. ಊರು, ಇಸವಿ, ಹೆಸರು ಹಿಡಿದು ಆ ಕಾಲದ ಪತ್ರಿಕೆಗಳನ್ನು ತೆಗೆಯಿರಿ. ‘ಸಯನೈಡ್’ (2006) ಚಿತ್ರದ ಕೋಣನಕುಂಟೆ, 1991ರ ಆಗಸ್ಟ್, ರಾಜೀವ್ ಗಾಂಧಿ ಹಂತಕರ ಕೊನೆ, ಎಲ್ಲಕ್ಕೂ ಅಲ್ಲಿ ದಾಖಲೆ ಸಿಗುತ್ತದೆ.

ಕಾದಂಬರಿಯಿಂದ ಬಂದ ಚಿತ್ರವೂ ಕಾದಂಬರಿಯೇ ಆಗಿರುವುದಿಲ್ಲ. ‘ನಾಗರಹಾವು’ (1972) ಚಿತ್ರಕ್ಕೆ ಪುಟ್ಟಣ್ಣ ಕಣಗಾಲ್ ಬಳಸಿಕೊಂಡದ್ದು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನು ಒಂದೇ ಚಿತ್ರಕ್ಕೆ ಇಳಿಸುವಾಗ ಪಾತ್ರಗಳ ಮನಸ್ಸಿನೊಳಗಿನ ಎಷ್ಟೋ ಸಂಗತಿಗಳು ಉದುರಲೇಬೇಕು. ಜನ ಮೆಚ್ಚಿದ ಆ ಚಿತ್ರ ತ.ರಾ.ಸು. ಅವರಿಗೇ ಒಪ್ಪಿಗೆಯಾಗಲಿಲ್ಲ. ಚಿತ್ರ ನೋಡಿದವರು ಆ ಮೂರನ್ನೂ ಓದಲೇಬೇಕು ಎಂಬುದು ನಮ್ಮ ಆಸೆ.

ಇನ್ನು ‘ಮಯೂರ’ (1975). ನಿಮ್ಮ ‘ಕಾದಂಬರಿಯೋ ನಿಜವೋ’ ಎಂಬ ಪ್ರಶ್ನೆಗೆ ಇಲ್ಲಿ ಎರಡೂ ಹೌದು. ಚಿತ್ರದ ಹಿಂದೆ ದೇವುಡು ಅವರ ಕಾದಂಬರಿ, ಕಾದಂಬರಿಯ ಹಿಂದೆ ತಾಳಗುಂದದ ಸ್ತಂಭಶಾಸನ. ಗುರು ವೀರಶರ್ಮನೊಂದಿಗೆ ಓದಲು ಕಂಚಿಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಕತ್ತಿ ಹಿಡಿದದ್ದು ಅದರಲ್ಲಿದೆ. ಹಾಡು, ಪ್ರೇಮ ಅದರಲ್ಲಿಲ್ಲ. ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಹತ್ತಿರದ ಆ ಊರಿನ ಪ್ರಣವೇಶ್ವರ ಗುಡಿಯ ಮುಂದೆ ಕಂಬ ಇಂದಿಗೂ ನಿಂತಿದೆ.