ಪೋಸ್ಟರ್ ಶೀರ್ಷಿಕೆಗೆ ಸವೆದಂತೆ ಕಾಣುವ ಕಂಡೆನ್ಸ್ಡ್ (ಅಗಲ ಕಿರಿದಾದ) ಫಾಂಟ್ ಬಳಸಬಹುದೇ? ಕನ್ನಡದಲ್ಲಿ ಆ ನೋಟ ತರುವುದು ಹೇಗೆ?

ಬಳಸಬಹುದು, ಶೀರ್ಷಿಕೆಯ ಎರಡು ಮೂರು ಪದಗಳಿಗೆ ಮಾತ್ರ. ದಿನಾಂಕ, ಸ್ಥಳ, ಟಿಕೆಟ್ ದರಗಳಿಗೆ ದಯವಿಟ್ಟು ಬೇಡ.

ಈ ನೋಟ ಬಂದದ್ದು ಮರದ ಅಚ್ಚುಮೊಳೆಗಳಿಂದ. ದೊಡ್ಡ ಗಾತ್ರದ ಸೀಸದ ಮೊಳೆ ವಿಪರೀತ ಭಾರ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಯಂತ್ರದಿಂದ ಮರ ಕೊರೆದು ಅಕ್ಷರ ಮಾಡಲು ತೊಡಗಿದ ಮೇಲೆ ಅಮೆರಿಕದ ಸರ್ಕಸ್, ನಾಟಕಗಳ ಪೋಸ್ಟರುಗಳಲ್ಲಿ ಮರದ ಮೊಳೆಗಳದ್ದೇ ರಾಜ್ಯ. ಕಾಗದದ ಅಗಲ ಇಷ್ಟೇ, ಪದ ಉದ್ದ, ಅಕ್ಷರವೋ ಬೀದಿಯ ಆಚೆ ಬದಿಗೂ ಕಾಣಬೇಕು. ಹೀಗಾಗಿ ಅಕ್ಷರ ಎತ್ತರ ಬೆಳೆದು ಸೊಂಟ ಸಣ್ಣದಾಯಿತು. ವರ್ಷಗಟ್ಟಲೆ ಒತ್ತಿಸಿಕೊಂಡ ಮೊಳೆಯ ಅಂಚಿನಲ್ಲಿ ಚಕ್ಕೆ ಎದ್ದು, ಮುಖದಲ್ಲಿ ಗುಳಿ ಬಿದ್ದು, ಶಾಯಿ ಹತ್ತದ ಕಡೆ ಕಾಗದ ಬೆಳ್ಳಗೆ ಉಳಿಯುತ್ತಿತ್ತು. ಆಗಿನ ಮುದ್ರಕರ ತಲೆನೋವನ್ನು ಈಗ ನಾವು ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 1879ರಲ್ಲಿ ಶುರುವಾದ ಹ್ಯಾಚ್ ಶೋ ಪ್ರಿಂಟ್ ಎಂಬ ಮುದ್ರಣಾಲಯ ಇಂದಿಗೂ ಮರದ ಮೊಳೆಗಳಿಂದ ಪೋಸ್ಟರ್ ಅಚ್ಚು ಹಾಕುತ್ತದೆ. ಅಂಥ ಮುದ್ರಣದಲ್ಲಿ ಒಂದೇ ಸಾಲಿನಲ್ಲಿ ಎರಡು 'ಓ' ಬಂದರೆ ಎರಡರ ಗಾಯವೂ ಬೇರೆ ಬೇರೆ, ಏಕೆಂದರೆ ಅವು ಎರಡು ಬೇರೆ ಮರದ ತುಂಡುಗಳು. ಅಗ್ಗದ ಫಾಂಟಿನಲ್ಲಿ ಎರಡೂ 'ಓ'ಗಳಿಗೆ ಒಂದೇ ಜಾಗದಲ್ಲಿ ಒಂದೇ ಗೀರು. ಗುಟ್ಟು ರಟ್ಟಾಗುವುದು ಅಲ್ಲೇ.

ಕನ್ನಡದಲ್ಲಿ ಇನ್ನೂ ಒಂದು ಅಪಾಯವಿದೆ. ಒಮ್ಮೆ ಸಂಗೀತ ಕಾರ್ಯಕ್ರಮವೊಂದರ ಪೋಸ್ಟರಿನಲ್ಲಿ 'ಮಧ್ಯರಾತ್ರಿ' ಎಂಬ ಪದಕ್ಕೆ ನಾನು ಇಂಥದೇ ಸವಕಲು ಮೆತ್ತಿದೆ. ಗೀರೊಂದು ಸರಿಯಾಗಿ 'ಧ'ದ ಹೊಟ್ಟೆ ಸೀಳಿನ ಮೇಲೆಯೇ ಕೂತು ಅದನ್ನು ನುಂಗಿಬಿಟ್ಟಿತು. ಗೋಡೆಗೆ ಅಂಟಿಸಿದ ಮೇಲೆ ನೋಡಿದರೆ 'ಮದ್ಯರಾತ್ರಿ'! ಸಂಘಟಕರು ನಗಲಿಲ್ಲ. ಮಹಾಪ್ರಾಣದ ಸೀಳು, ಸೊನ್ನೆ, ಒತ್ತಕ್ಷರದ ಬಾಲ, ಇವುಗಳ ಹತ್ತಿರ ಗೀರು ಸುಳಿಯಬಾರದು.

ಈಗ ನಾನು ಮಾಡುವುದು ಹೀಗೆ. ಸಾಮಾನ್ಯ ಫಾಂಟನ್ನು ಅಡ್ಡಲಾಗಿ ಹಿಂಡುವುದಿಲ್ಲ. ಹಿಂಡಿದರೆ ತಲೆಕಟ್ಟು ದಪ್ಪವಾಗಿಯೇ ಉಳಿದು ಪಕ್ಕದ ಗೆರೆಗಳು ಸೊರಗುತ್ತವೆ, ಇಡೀ ಪದ ಉಪವಾಸ ಬಿದ್ದಂತೆ ಕಾಣುತ್ತದೆ. ಫಾಂಟ್ ವಿನ್ಯಾಸ ಸಂಸ್ಥೆ ಏಕ್ ಟೈಪ್‌ನವರ 'ಅನೇಕ್ ಕನ್ನಡ' ಫಾಂಟಿನಲ್ಲಿ ಕಿರಿದಾಗಿಯೇ ಬರೆದ ರೂಪವಿದೆ, ಉಚಿತವೂ ಹೌದು. ಅದರ ಅತಿ ದಪ್ಪ ಗೆರೆಯ ರೂಪ ಸಾಕು. ಬಳಿಕ ಅರೆ ಒಣಗಿದ ರೋಲರ್‌ನಿಂದ ಕಾಗದದ ಮೇಲೆ ಕಪ್ಪು ಶಾಯಿ ಉರುಳಿಸಿ, ಸ್ಕ್ಯಾನ್ ಮಾಡಿ, ಪೂರ್ತಿ ಕಪ್ಪು ಬಿಳುಪಿಗೆ ಇಳಿಸಿ, ಇಡೀ ಪದದ ಮೇಲೆ ಮಾಸ್ಕ್ ಆಗಿ, ಅಂದರೆ ಅಕ್ಷರವನ್ನು ಅಲ್ಲಲ್ಲಿ ಮರೆಮಾಡುವ ಪದರವಾಗಿ, ಹಾಕುತ್ತೇನೆ. ಗೀರು ಅಕ್ಷರದಿಂದ ಅಕ್ಷರಕ್ಕೆ ಹರಿಯುತ್ತದೆ, ಎಲ್ಲೂ ಪುನರಾವರ್ತನೆಯಿಲ್ಲ. ಬೇಡವಾದ ಕಡೆ ಮಾಸ್ಕನ್ನು ಅಳಿಸಿದರಾಯಿತು.

ವಿನೈಲ್ ಅಂಟುಹಾಳೆ ಕತ್ತರಿಸಿ ಬೋರ್ಡ್ ಮಾಡಿಸುವುದಾದರೆ ಇದೆಲ್ಲ ಬಿಡಿ. ಒಂದೊಂದು ಚುಕ್ಕೆಯನ್ನೂ ಯಂತ್ರ ಕತ್ತರಿಸುತ್ತದೆ, ಅವನ್ನು ಸೂಜಿಯಿಂದ ಕೀಳುವವರು ನಿಮ್ಮ ಮುಖವನ್ನು ಮರೆಯುವುದಿಲ್ಲ.