ಪ್ರತಿಕ್ರಿಯೆ: ‘ಹಾರ್ನಿ ಗೊಲಾಕ್’ ಎಂದರೆ ಯಾವ ಹುಳು?

ಹೂಕುಂಡದ ಅಡಿಯಲ್ಲಿ ಕಂಡ ಹುಳುವನ್ನು ನಿಮ್ಮ ಸ್ಕಾಟ್ಲೆಂಡ್ ನೆರೆಯವರು ‘ಹಾರ್ನಿ ಗೊಲಾಕ್’ ಎಂದರು, ಆಮೇಲೆ ಕದ್ದು ಕೇಳುವವರನ್ನು ‘ಇಯರ್‌ವಿಗ್’ ಮಾಡುತ್ತಾರೆ ಎಂದು ಬೈದರು, ಇವೆರಡಕ್ಕೂ ಏನು ನಂಟು ಎಂದು ಕೇಳಿದ್ದೀರಿ. ಹುಳು ಒಂದೇ: ಬಾಲದ ತುದಿಯಲ್ಲಿ ಇಕ್ಕಳವಿರುವ, ಕಂದು ಬಣ್ಣದ ಇಯರ್‌ವಿಗ್.

‘ಗೊಲಾಕ್’ ಬಂದಿರುವುದು ಕವಲೊಡೆದದ್ದು ಎಂಬ ಅರ್ಥದ, ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್‌ನ ಪದದಿಂದ. ಅಲ್ಲಿನ ಇನ್ನೊಂದು ನುಡಿಯಾದ, ಇಂಗ್ಲಿಷಿಗೆ ಹತ್ತಿರದ ಸ್ಕಾಟ್ಸ್ ಆಡುವವರು ಜೀರುಂಡೆಗೂ ಇದೇ ಪದ ಬಳಸುವುದುಂಟು, ಹಾಗಾಗಿ ‘ಹಾರ್ನಿ’ (ಕೊಂಬಿನ), ‘ಫೋರ್ಕಿ’ (ಕವಲಿನ) ಎಂಬ ವಿಶೇಷಣ ಜೊತೆಗಿರುತ್ತದೆ. ಅವರು ಕಂಡದ್ದು ಬಾಲವನ್ನು, ಇಂಗ್ಲಿಷರಿಗೆ ನೆನಪಾದದ್ದು ಕಿವಿ. ಮಲಗಿದವರ ಕಿವಿಯೊಳಗೆ ಹೊಕ್ಕು ಮಿದುಳಿಗೆ ಹೋಗುತ್ತದೆ ಎಂಬ ಹಳೆಯ ಭಯವೇ ಕಾರಣ. ಫ್ರೆಂಚರು ಇದನ್ನು ‘ಕಿವಿ ಚುಚ್ಚುವುದು’ ಎನ್ನುತ್ತಾರೆ, ಜರ್ಮನರು ‘ಕಿವಿಹುಳು’. ಹೆದರಬೇಡಿ, ಅದಕ್ಕೆ ಬೇಕಾದದ್ದು ತೇವ ಮತ್ತು ಕತ್ತಲೆ, ನಿಮ್ಮ ಮಿದುಳಲ್ಲ.

ಕಿವಿಯ ಈ ನಂಟೇ ಕ್ರಿಯಾಪದವಾಯಿತು. ಮೊದಲು ‘ಇಯರ್‌ವಿಗ್’ ಮಾಡುವುದೆಂದರೆ ದೊಡ್ಡವರ ಬಳಿ ಗುಟ್ಟಾಗಿ ಪಿಸುಗುಟ್ಟಿ ಮನಸ್ಸು ತಿರುಗಿಸುವುದು, ನಮ್ಮ ‘ಕಿವಿ ಊದುವುದು’ ಇದ್ದಂತೆ. ಕದ್ದು ಕೇಳುವ ಅರ್ಥ ಆಮೇಲಿನದು, ಬ್ರಿಟನ್ನಿನ ಆಡುಮಾತಿನಲ್ಲೆಲ್ಲ ಚಾಲ್ತಿಯಲ್ಲಿದೆ, ಸ್ಕಾಟ್ಲೆಂಡಿಗಷ್ಟೇ ಸೀಮಿತವಲ್ಲ.

ಅಂದ ಹಾಗೆ, ಅದನ್ನು ಕೊಲ್ಲಬೇಡಿ. ಗಿಡಹೇನುಗಳನ್ನು ತಿನ್ನುತ್ತದೆ, ಡೇಲಿಯಾ ಎಸಳುಗಳನ್ನು ಕಡಿಯುವ ಚಟವೂ ಇದೆ ನಿಜ. ಆದರೆ ತಾಯಿಹುಳು ಮೊಟ್ಟೆಗಳ ಮೇಲೆ ಬೂಷ್ಟು ಹಿಡಿಯದಂತೆ ನೆಕ್ಕುತ್ತಾ, ಮರಿಯಾಗುವವರೆಗೂ ಕಾವಲು ಕಾಯುತ್ತದೆ. ಇಕ್ಕಳ ಬಾಗಿದ್ದರೆ ಗಂಡು, ಹೆಚ್ಚು ನೇರವಿದ್ದರೆ ಹೆಣ್ಣು.