ಓದುಗರ ಪ್ರಶ್ನೆ: ಶವರ್ ಹಿಂದಿನ ಗೋಡೆ ಒದ್ದೆಯಾಗುತ್ತಿದೆ

ಪ್ರಶ್ನೆ: ಬಾತ್‌ರೂಮಿಗೆ ಹೊಸದಾಗಿ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪ್ ಹಾಕಿಸಿದ್ದೇವೆ. ಶವರ್ ಆರ್ಮ್ (ಗೋಡೆಯಿಂದ ಹೊರಬರುವ ಶವರ್ ಕೊಳವೆ) ಕೂರಿಸಿ ಹದಿನೈದು ದಿನಕ್ಕೆ ಹಿಂದಿನ ಕೋಣೆಯ ಗೋಡೆ ಒದ್ದೆಯಾಗಿದೆ. ‘ಇನ್ನೊಂದು ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ’ ಎನ್ನುತ್ತಾರೆ ಪ್ಲಂಬರ್. ಟೈಲ್ಸ್ ಒಡೆಯಲೇಬೇಕೆ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಇನ್ನೊಂದು ಸುತ್ತು ಬಿಗಿ ಮಾಡಿಸಬೇಡಿ. ಮೊದಲು ನಾಲ್ಕೈದು ದಿನ ಆ ಶವರ್ ಬಳಸದೆ ನೋಡಿ. ಗೋಡೆ ಆರುತ್ತ ಬಂದರೆ ಸೋರಿಕೆ ವಾಲ್ವ್‌ನಿಂದ ಮೇಲೆ, ಆರ್ಮ್ ಕಡೆ ಇದೆ. ಆರದಿದ್ದರೆ ಸದಾ ನೀರು ತುಂಬಿರುವ ಕೆಳಗಿನ ಲೈನ್ ಮೇಲೆ ಅನುಮಾನಪಡಬೇಕು.

ಆರ್ಮ್ ಬಿಚ್ಚಿ ಟಾರ್ಚ್ ಹಿಡಿದು ಎಲ್ಬೋ (ಆರ್ಮ್ ಕೂರುವ, ಗೋಡೆಯೊಳಗಿನ ಬಾಗಿದ ಜೋಡಣೆ) ಬಾಯಿ ನೋಡಿ. ಅದರ ಥ್ರೆಡ್ (ತಿರುಪಿನ ಗೆರೆ) ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ? ಪ್ಲಾಸ್ಟಿಕ್ ಆಗಿದ್ದರೆ ಕಾರಣ ಬಹುತೇಕ ಅದೇ. ಟೆಫ್ಲಾನ್ ಟೇಪ್ (ಸೋರದಂತೆ ಥ್ರೆಡ್ಡಿಗೆ ಸುತ್ತುವ ತೆಳು ಪಟ್ಟಿ) ಸುತ್ತಿದ ಆರ್ಮಿನ ಲೋಹದ ಥ್ರೆಡ್ ಒಳಗಿಳಿದಂತೆಲ್ಲ ಬೆಣೆಯ ಹಾಗೆ ಬಾಯಿಯನ್ನು ಹಿಗ್ಗಿಸುತ್ತದೆ. ಹಿತ್ತಾಳೆ ಅದನ್ನು ತಾಳಿಕೊಳ್ಳುತ್ತದೆ, ಸಿಪಿವಿಸಿ ತಾಳುವುದಿಲ್ಲ. ಕೂದಲೆಳೆಯಷ್ಟು ಸೀಳು ಬಾಯಿಂದ ಒಳಕ್ಕೆ ಉದ್ದಕ್ಕೂ ಬಿಡುತ್ತದೆ, ಅದೂ ಕೆಲವೊಮ್ಮೆ ವಾರಗಳ ನಂತರ. ಸೀಳು ಕಂಡರೆ ಆ ಒಂದು ಟೈಲ್ ಒಡೆಯದೆ ದಾರಿಯಿಲ್ಲ. ಹಿತ್ತಾಳೆ ಥ್ರೆಡ್ ಸರಿಯಾಗಿಯೇ ಇದ್ದರೆ ಹಳೆ ಟೇಪ್ ಪೂರ್ತಿ ಕಿತ್ತು ಹೊಸದಾಗಿ ಸುತ್ತಿ ಕೂರಿಸಿ ನೋಡಬಹುದು.

ಬದಲಿಸುವಾಗ ಅರ್ಧ ಇಂಚಿನ ಹಿತ್ತಾಳೆ ಥ್ರೆಡ್ಡಿನ ಸಿಪಿವಿಸಿ ಎಲ್ಬೋವನ್ನೇ ತರಿಸಿ. ಪೈಪ್ ನೇರವಾಗಿ ಕತ್ತರಿಸಿ, ಅಂಚಿನ ಚೂರು ಕೆರೆದು, ಒಣಬಟ್ಟೆಯಲ್ಲಿ ಒರೆಸಬೇಕು. ಸಿಪಿವಿಸಿ ಸಾಲ್ವೆಂಟ್ (ಪೈಪ್ ಅಂಟು) ಪೈಪಿಗೆ ಧಾರಾಳವಾಗಿ, ಎಲ್ಬೋ ಒಳಗೆ ತೆಳ್ಳಗೆ ಸಾಕು. ಒಳಗೆ ಹೆಚ್ಚಾದರೆ ತಳದಲ್ಲಿ ಮಡುಗಟ್ಟಿ ಪ್ಲಾಸ್ಟಿಕ್ಕನ್ನೇ ಮೆತ್ತಗಾಗಿಸುತ್ತದೆ. ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವಂತೆ ತಳ್ಳಿ, 30 ಸೆಕೆಂಡ್ ಬಿಡದೆ ಹಿಡಿಯಿರಿ. ಕೈಬಿಟ್ಟರೆ ಪೈಪ್ ಹಿಂದಕ್ಕೆ ಬರುತ್ತದೆ. ಥ್ರೆಡ್ಡಿಗೆ ಸಾಲ್ವೆಂಟ್ ತಾಗಕೂಡದು.

ಟೈಲ್ ಕೂರಿಸಿ ಮುಗಿದಾಗ ಎಲ್ಬೋ ಬಾಯಿ ಟೈಲ್ ಮೇಲ್ಮೈ ಮಟ್ಟಕ್ಕೆ ಬರಬೇಕು. ಒಳಗೆ ಉಳಿದಿದ್ದರೆ ಹಿತ್ತಾಳೆಯ ಎಕ್ಸ್‌ಟೆನ್ಷನ್ ನಿಪ್ಪಲ್ (ಉದ್ದ ಹೆಚ್ಚಿಸುವ ಥ್ರೆಡ್ ತುಂಡು) ಹಾಕಿ. ಸುತ್ತ ಸಿಮೆಂಟ್ ತುಂಬಿ ಎಲ್ಬೋ ಅಲುಗದಂತೆ ಮಾಡಿ, ಇಲ್ಲದಿದ್ದರೆ ಆರ್ಮ್ ತಿರುಗಿಸುವ ಬಲವೆಲ್ಲ ಅಂಟಿಸಿದ ಜಾಯಿಂಟಿಗೆ ಹೋಗುತ್ತದೆ. ಆದರೆ ಸಿಮೆಂಟಿಗೆ ಮುಂಚೆ ಒಂದು ದಿನ ಅಂಟು ಒಣಗಲು ಬಿಟ್ಟು, ಎಲ್ಬೋ ಬಾಯಿಗೆ ಡಮ್ಮಿ ಪ್ಲಗ್ (ತಾತ್ಕಾಲಿಕ ಮುಚ್ಚಳ) ಹಾಕಿ, ವಾಲ್ವ್ ತೆರೆದು, ರಾತ್ರಿಯಿಡೀ ನೀರು ನಿಲ್ಲಿಸಿ ನೋಡಿ. ಈ ಒಂದು ರಾತ್ರಿಯನ್ನು ಯಾರ ಅವಸರಕ್ಕೂ ಬಿಟ್ಟುಕೊಡಬೇಡಿ.

ಆಮೇಲೆ ಆರ್ಮ್ ಥ್ರೆಡ್ಡಿಗೆ ಟೆಫ್ಲಾನ್ ಟೇಪ್, ತುದಿಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ, ಎಳೆದು ಹಿಡಿದು ಹತ್ತು ಸುತ್ತು. ಕೈಯಲ್ಲೇ ಹೋಗುವಷ್ಟು ತಿರುಗಿಸಿ, ಪಾನದಿಂದ ಮತ್ತೊಂದು ಸುತ್ತು. ಆರ್ಮ್ ನೇರ ಮಾಡಲು ಹಿಂದಕ್ಕೆ ತಿರುಗಿಸಿದರೆ ಟೇಪ್ ಹರಿಯುತ್ತದೆ; ಬಿಚ್ಚಿ ಹೊಸದಾಗಿ ಸುತ್ತಿ.

ಪ್ರಶ್ನೆ: ತಣ್ಣೀರಿನ ಹಳೆಯ ಬಿಳಿ ಪಿವಿಸಿ ಲೈನಿನಿಂದಲೇ ಶವರಿಗೆ ಗೀಸರ್ ನೀರು ಕೊಡಬಹುದೇ?
– ಓದುಗರು, ಶಿರಸಿ

ಉತ್ತರ: ಬೇಡ. ಆ ಪೈಪ್ 60 ಡಿಗ್ರಿ ಹೊತ್ತಿಗೆ ಮೆತ್ತಗಾಗುತ್ತದೆ. ಗೀಸರ್ ನೀರು ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ. ಸಿಪಿವಿಸಿ 93 ಡಿಗ್ರಿವರೆಗೆ ತಡೆಯುತ್ತದೆ. ಅದನ್ನೂ ನೇರವಾಗಿ ಗೀಸರ್ ಬಾಯಿಗೆ ಸಿಕ್ಕಿಸದೆ, ನಡುವೆ ಲೋಹದ ಕನೆಕ್ಷನ್ ಪೈಪ್ ಹಾಕಿಸಿ.